ಒಂದು ಕೊಂಡಿ ಸಾಲದು

ಜೀವವಿಕಾಸವನ್ನು ಒಪ್ಪದವರು ಸಾಮಾನ್ಯವಾಗಿ ಕೇಳುವುದು ಇಷ್ಟೇ: ಎರಡು ಬಗೆಯ ಜೀವಿಗಳ ನಡುವಿನ ಕೊಂಡಿ ಎಲ್ಲಿದೆ, ತೋರಿಸಿ. ಒಪ್ಪುವವರು ಕೂಡಲೇ, ಡೈನೋಸಾರ್ ಮತ್ತು ಹಕ್ಕಿಗಳ ನಡುವಿನ ಪಳೆಯುಳಿಕೆಯಾದ ಆರ್ಕಿಯಾಪ್ಟೆರಿಕ್ಸ್‌ನ ಹೆಸರು ಹೇಳುತ್ತಾರೆ. ಉತ್ತರ ತಪ್ಪಲ್ಲ. ಆದರೆ ಇಡೀ ವಾದವನ್ನು ಒಂದೇ ಪ್ರಾಣಿಯ ಬೆನ್ನ ಮೇಲೆ ಹೊರಿಸಿದರೆ ವಾದವೇ ಬಡವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಅದು ಸಿಕ್ಕಿದ್ದು ಜರ್ಮನಿಯ ಬವೇರಿಯಾದಲ್ಲಿ, ಸೋಲ್ನ್‌ಹೋಫನ್ ಸುತ್ತಲಿನ ಸುಣ್ಣಕಲ್ಲಿನ ಗಣಿಗಳಲ್ಲಿ. ಕಲ್ಲಚ್ಚಿನ ಮುದ್ರಣಕ್ಕೂ ಬಳಕೆಯಾದ ಆ ಕಲ್ಲು ಎಷ್ಟು ನಯವೆಂದರೆ, ಸುಮಾರು 15 ಕೋಟಿ ವರ್ಷಗಳ ಹಿಂದಿನ ಗರಿಯ ಎಳೆಗಳೂ ಅದರಲ್ಲಿ ಮೂಡಿ ಉಳಿದಿವೆ. 1861ರಲ್ಲಿ, ಡಾರ್ವಿನ್ನರ ಜೀವವಿಕಾಸದ ಪುಸ್ತಕ ಬಂದ ಎರಡೇ ವರ್ಷಕ್ಕೆ, ಹರ್ಮನ್ ಫಾನ್ ಮೇಯರ್ ಈ ಪ್ರಾಣಿಗೆ ಹೆಸರಿಟ್ಟರು. ಬಾಯಲ್ಲಿ ಹಲ್ಲು, ಮೂಳೆಗಳಿಂದಾದ ಉದ್ದನೆಯ ಬಾಲ, ಉಗುರುಳ್ಳ ಮೂರು ಬೆರಳು. ಜೊತೆಗೆ ಇಂದಿನ ಹಕ್ಕಿಗಳಂಥದ್ದೇ ಗರಿ. ಮ್ಯೂನಿಕ್‌ನ ಆಂಡ್ರಿಯಾಸ್ ವಾಗ್ನರ್ ಸರೀಸೃಪವೆಂದರು, ಲಂಡನ್ನಿನ ರಿಚರ್ಡ್ ಓವನ್ ಹಕ್ಕಿಯೆಂದರು.

ನನಗೆ ಇದಕ್ಕಿಂತ ಮುಖ್ಯವೆನಿಸುವುದು ಇನ್ನೆರಡು ಪಳೆಯುಳಿಕೆಗಳ ಕಥೆ. 1951ರಲ್ಲಿ ಐಖ್‌ಶ್ಟೆಟ್ ಬಳಿ ಸಿಕ್ಕ ಅಸ್ಥಿಪಂಜರದಲ್ಲಿ ಗರಿಯ ಗುರುತು ಮಸುಕಾಗಿತ್ತು. ಅದನ್ನು ಕಾಂಪ್ಸೊಗ್ನಾಥಸ್ ಎಂಬ ಪುಟ್ಟ ಡೈನೋಸಾರ್ ಎಂದೇ ಎಣಿಸಲಾಯಿತು. ಅದು ಆರ್ಕಿಯಾಪ್ಟೆರಿಕ್ಸ್ ಎಂದು ತಿಳಿಯುವ ಹೊತ್ತಿಗೆ ಎರಡು ದಶಕ ಕಳೆದಿತ್ತು. ನೆದರ್ಲೆಂಡ್ಸ್‌ನ ಹಾರ್ಲೆಮ್‌ನಲ್ಲಿದ್ದ ಇನ್ನೊಂದನ್ನು ಫಾನ್ ಮೇಯರ್ ಅವರೇ 1857ರಲ್ಲಿ ಹಾರುವ ಸರೀಸೃಪವೆಂದು ವರ್ಣಿಸಿದ್ದರು. 1970ರಲ್ಲಿ ಅಮೆರಿಕದ ಜಾನ್ ಆಸ್ಟ್ರಮ್ ಅದರ ಮೇಲೆ ಗರಿಯ ಅಚ್ಚನ್ನು ಗುರುತಿಸಿದರು. ಮೂಳೆಗಳನ್ನೇ ಓದಿ ಬದುಕಿದ ಪರಿಣತರು ಗರಿ ಕಾಣದಿದ್ದಾಗ ಹಕ್ಕಿಯನ್ನು ಡೈನೋಸಾರ್ ಎಂದುಕೊಂಡರಲ್ಲ, ಇವೆರಡರ ನಂಟಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಯಾವುದು ಬೇಕು? ಹೀಗೇ ಆಗಲೆಂದು ಯಾರೂ ಬಯಸಿರಲಿಲ್ಲ, ಸಿದ್ಧಾಂತಕ್ಕೆ ಹೊಂದಿಸಿದ್ದೂ ಅಲ್ಲ.

ಇದೇ ಆಸ್ಟ್ರಮ್ 1964ರಲ್ಲಿ ಮೊಂಟಾನಾದಲ್ಲಿ ಡೈನೊನೈಕಸ್ ಎಂಬ ಬೇಟೆಗಾರ ಡೈನೋಸಾರನ್ನು ಪತ್ತೆಹಚ್ಚಿದ್ದರು. ಅದರ ಮಣಿಕಟ್ಟಿನಲ್ಲಿ ಅರ್ಧಚಂದ್ರಾಕಾರದ ಒಂದು ಮೂಳೆಯಿದೆ. ಕೈಯನ್ನು ಪಕ್ಕಕ್ಕೆ ಮಡಚಲು ಅನುವು ಮಾಡಿಕೊಡುವುದು ಅದೇ. ಆರ್ಕಿಯಾಪ್ಟೆರಿಕ್ಸ್‌ನಲ್ಲೂ ಅಂಥದೇ ಮೂಳೆ. ಪಾರಿವಾಳ ಕೂತ ಮೇಲೆ ರೆಕ್ಕೆ ಮಡಚಿಕೊಳ್ಳುವ ಚಲನೆಯ ಮೂಲ, ಹಾರಲಾರದ ಬೇಟೆಗಾರನ ಕೈಯಲ್ಲಿ ಸಿಗುತ್ತದೆ.

ಗರಿಯ ಕಥೆಯೂ ಅಂಥದೇ. 1996ರಲ್ಲಿ ಚೀನಾದ ಲಿಯಾವೊನಿಂಗ್‌ನಿಂದ ಸೈನೊಸಾರೊಪ್ಟೆರಿಕ್ಸ್ ಎಂಬ ಡೈನೋಸಾರ್ ಬಂತು: ರೆಕ್ಕೆಯಿಲ್ಲ, ಮೈತುಂಬ ನವಿರು. 2012ರಲ್ಲಿ ವರದಿಯಾದ ಇನ್ನೊಂದು ಡೈನೋಸಾರ್ ಯೂಟಿರಾನಸ್‌ನ ಉದ್ದ ಸುಮಾರು 9 ಮೀಟರ್, ಅದಕ್ಕೂ ಗರಿ. ಟನ್ನಿಗೂ ಮಿಕ್ಕಿ ತೂಗುವ ಆ ಪ್ರಾಣಿ ಹಾರುವ ಮಾತೇ ಇಲ್ಲ. ಗರಿ ಮೊದಲು ಮೈ ಬೆಚ್ಚಗಿಡಲೋ ಸಂಗಾತಿಯನ್ನು ಸೆಳೆಯಲೋ ಬಳಕೆಯಾಗಿರಬೇಕು. ಹಾರಾಟ ಆಮೇಲೆ ಅದನ್ನು ಎರವಲು ಪಡೆಯಿತು. ಹಾರಲೆಂದೇ ಗರಿ ಹುಟ್ಟಿತು ಎನ್ನುವವರು ಕಾರ್ಯವನ್ನು ಕಾರಣಕ್ಕಿಂತ ಮುಂದೆ ಕೂರಿಸುತ್ತಾರೆ.

ಆರ್ಕಿಯಾಪ್ಟೆರಿಕ್ಸ್ ಈಗಿನ ಹಕ್ಕಿಗಳ ನೇರ ಮುತ್ತಜ್ಜನೇ ಆಗಿರಬೇಕೆಂದೂ ಇಲ್ಲ, ದಾಯಾದಿಯೂ ಆಗಿರಬಹುದು. ಅದು ಹಕ್ಕಿಗಳ ಕವಲಿಗೆ ಸೇರಿದ್ದೇ ಎಂದು 2011ರಲ್ಲಿ ಚೀನಾದ ಶು ಶಿಂಗ್ ತಂಡ ಪ್ರಶ್ನೆ ಎತ್ತಿತು. ಹಾರ್ಲೆಮ್‌ನ ಪಳೆಯುಳಿಕೆಗೆ 2017ರಲ್ಲಿ ಆಸ್ಟ್ರೋಮಿಯಾ ಎಂಬ ಬೇರೆ ಹೆಸರೇ ಬಂತು. ಇದನ್ನು ಕಂಡು "ವಿಜ್ಞಾನಿಗಳಿಗೇ ಖಚಿತವಿಲ್ಲ" ಎನ್ನುವವರು, ಯಾವುದು ಖಚಿತವಿಲ್ಲ ಎಂಬುದನ್ನು ನೋಡಬೇಕು. ಹಕ್ಕಿಗಳು ಎರಡು ಕಾಲಿನ ಡೈನೋಸಾರುಗಳ ವಂಶವೆಂಬುದನ್ನು ಈ ಚರ್ಚೆಯಲ್ಲಿ ಯಾರೂ ಅಲ್ಲಗಳೆದಿಲ್ಲ. ಗರಿಯುಳ್ಳ ಪ್ರಾಣಿಗಳು ಒತ್ತೊತ್ತಾಗಿ ಸಿಕ್ಕಿರುವುದರಿಂದಲೇ ಕವಲುಗಳನ್ನು ಬಿಡಿಸುವುದು ಕಷ್ಟವಾಗಿದೆ. ಕೊಂಡಿ ತೋರಿಸಿ ಎನ್ನುವವರ ಮುಂದೆ ಈ ಅಸ್ಥಿಪಂಜರಗಳನ್ನು ಸಾಲಾಗಿ ಇಡಬೇಕು. ಡೈನೋಸಾರ್ ಮುಗಿದು ಹಕ್ಕಿ ಶುರುವಾಗುವ ಗೆರೆಯನ್ನು ಅವರೇ ಎಳೆದು ತೋರಿಸಲಿ.