ರೋಣದ ಹುಡುಗ ಜಲಂಧರದವರೆಗೆ

ಮಕ್ಕಳೇ, ನಮ್ಮ ರೋಣ, ನರಗುಂದ, ಗಜೇಂದ್ರಗಡದ ಕಡೆ ಊರು ಬಿಟ್ಟು ದೂರ ಹೋಗುವುದು ಹೊಸ ಸಂಗತಿಯಲ್ಲ. ಮಳೆ ಕೈಕೊಟ್ಟ ವರ್ಷ ಎರೆಹೊಲದ ಜನ ಗೋವೆಗೋ ಮಂಗಳೂರಿಗೋ ಕಟ್ಟಡದ ಕೆಲಸಕ್ಕೆ ಹೊರಡುತ್ತಾರೆ. ಓದಲಿಕ್ಕೆ ಧಾರವಾಡ, ನೌಕರಿಗೆ ಪುಣೆ, ಬೆಂಗಳೂರು. ಆದರೆ ರೋಣದಲ್ಲಿ ಹುಟ್ಟಿದ ಒಬ್ಬ ಹುಡುಗ ಹೋದ ರೀತಿಯೇ ಬೇರೆ. 1933ರಲ್ಲಿ, 11ನೇ ವಯಸ್ಸಿನಲ್ಲಿ, ಮನೆಯಲ್ಲಿ ಯಾರಿಗೂ ಹೇಳದೆ ಹೊರಟುಬಿಟ್ಟ. ಅವನ ಹೆಸರು ಭೀಮಸೇನ ಜೋಶಿ.

ತಂದೆ ಗುರುರಾಜ ಜೋಶಿಯವರು ಶಾಲಾ ಮಾಸ್ತರರು. ಹುಡುಗನಿಗೆ ಹಾಡಿನ ಹುಚ್ಚು. ಭಜನೆಯವರು ಬೀದಿಯಲ್ಲಿ ಹೊರಟರೆ ಹಿಂದೆಯೇ ಹೋಗಿ, ದಣಿದ ಕಡೆ ಮಲಗಿಬಿಡುತ್ತಿದ್ದನಂತೆ. ಹುಡುಕಿ ಹುಡುಕಿ ಬೇಸತ್ತ ತಂದೆ ಕೊನೆಗೆ ಅವನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದರಂತೆ! ಸಿಕ್ಕವರು ತಂದು ಮನೆಗೆ ಬಿಡಲಿ ಎಂದು.

ಒಮ್ಮೆ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ ಅವನ ಕಿವಿಗೆ ಬಿತ್ತು. ಹೀಗೆ ಹಾಡಬೇಕು, ಹಾಡಿದರೆ ಹೀಗೇ ಹಾಡಬೇಕು ಎಂದು ಮನಸ್ಸು ಹಟ ಹಿಡಿಯಿತು. ಅದಕ್ಕೊಬ್ಬ ಗುರು ಬೇಕಲ್ಲ? ಮನೆ ಬಿಟ್ಟ ದಿನ ಊಟದಲ್ಲಿ ಇನ್ನೊಂದು ಚಮಚ ತುಪ್ಪಕ್ಕಾಗಿ ತಾಯಿಯ ಮೇಲೆ ಮುನಿಸಿಕೊಂಡಿದ್ದ ಎಂದು ಹೇಳುತ್ತಾರೆ. ತುಪ್ಪ ನೆಪ, ಹಾಡು ಕಾರಣ ಎಂದು ನನಗನ್ನಿಸುತ್ತದೆ. (ಇದನ್ನೋದಿ ನೀವ್ಯಾರೂ ರೈಲು ಹತ್ತಬೇಡಿರಪ್ಪ. ಆ ತಾಯಿ ಎಷ್ಟು ರಾತ್ರಿ ನಿದ್ದೆಗೆಟ್ಟಳೋ ಯಾರು ಲೆಕ್ಕ ಇಟ್ಟಿದ್ದಾರೆ?)

ಕೈಯಲ್ಲಿ ಕಾಸಿಲ್ಲ. ರೈಲಿನಲ್ಲಿ ಹಾಡಿ, ಜೊತೆಯ ಪ್ರಯಾಣಿಕರು ಕೊಟ್ಟದ್ದರಲ್ಲಿ ಮುಂದಿನ ಊರು. ಗ್ವಾಲಿಯರಿನಲ್ಲಿ ಸರೋದ್ ವಾದಕ ಹಫೀಜ್ ಅಲಿ ಖಾನರ ನೆರವಿನಿಂದ ಮಾಧವ ಸಂಗೀತ ಶಾಲೆ ಸೇರಿದ. ಅಲ್ಲಿಂದಲೂ ಮುಂದೆ ಅಲೆದ. ಕಲ್ಕತ್ತೆಯಲ್ಲಿ ಚಲನಚಿತ್ರ ನಟ ಪಹಾಡಿ ಸನ್ಯಾಲರ ಮನೆಯಲ್ಲಿ ಆಳಾಗಿ ದುಡಿದ. ಪಂಜಾಬಿನ ಜಲಂಧರದಲ್ಲಿ ಅಂಧ ಗಾಯಕ ಮಂಗತರಾಮರ ಬಳಿ ಧ್ರುಪದ ಕಲಿತ. ರೊಟ್ಟಿ-ಪಲ್ಯ ತಿಂದು ಬೆಳೆದ ಹುಡುಗ, ತನ್ನ ಮಾತು ಯಾರಿಗೂ ತಿಳಿಯದ ಊರುಗಳಲ್ಲಿ ಅನ್ನ ಕೇಳಿ ಉಂಡು, ಹೇಳಿದ ಕೆಲಸ ಮಾಡಿದ.

ಜಲಂಧರದಲ್ಲಿ ಹರವಲ್ಲಭ ಸಂಗೀತ ಮೇಳ ನಡೆಯುತ್ತದೆ, ಬಲು ಹಳೆಯದು. ಅಲ್ಲಿಗೆ ಬಂದಿದ್ದ ವಿನಾಯಕರಾವ್ ಪಟವರ್ಧನರು ಈ ಹುಡುಗನನ್ನು ಕಂಡು ಬೆರಗಾದರು. ನಿಮ್ಮ ಕಡೆಯೇ ಸವಾಯಿ ಗಂಧರ್ವರಿದ್ದಾರೆ, ಇಷ್ಟು ದೂರ ಯಾಕೆ ಬಂದೆ ಎಂದರಂತೆ. ಸವಾಯಿ ಗಂಧರ್ವರು ಕರೀಂ ಖಾನರ ಶಿಷ್ಯರೇ! ಇದ್ದದ್ದು ಕುಂದಗೋಳದಲ್ಲಿ. ರೋಣದಿಂದ ಗದಗ, ಹುಬ್ಬಳ್ಳಿ ದಾಟಿದರೆ ಆಯಿತು. ಇನ್ನೊಂದು ತಮಾಷೆ ನೋಡಿ. ಖಾನ್ ಸಾಹೇಬರೇ ಉತ್ತರಪ್ರದೇಶದ ಕೈರಾನಾ ಎಂಬ ಊರಿನವರು. ಅವರು ದಕ್ಷಿಣಕ್ಕೆ ಬಂದು, ಇಲ್ಲಿಯ ಕರ್ನಾಟಕ ಸಂಗೀತವನ್ನೂ ಕಿವಿದೆರೆದು ಕೇಳಿ, ಕನ್ನಡ ನಾಡಿನ ಶಿಷ್ಯರಿಗೆ ಕಲಿಸಿದ್ದರು. ಅವರು ಅತ್ತಣಿಂದ ಇತ್ತ ಬಂದಿದ್ದರೆ, ಹುಡುಗ ಇತ್ತಣಿಂದ ಅತ್ತ ಹೋಗಿದ್ದ.

ಮಗನನ್ನು ಹುಡುಕುತ್ತಿದ್ದ ತಂದೆಗೆ ಅವನು ಸಿಕ್ಕಿದ್ದೂ ಜಲಂಧರದಲ್ಲೇ. ಮನೆಗೆ ಕರೆತಂದರು. 1936ರಲ್ಲಿ ಭೀಮಸೇನ ಕುಂದಗೋಳ ಸೇರಿದ.

ಹಾಗಾದರೆ ಆ ಮೂರು ವರ್ಷದ ಅಲೆದಾಟ ದಂಡವಾಯಿತೇ? ನಾನು ಹಾಗೆ ತಿಳಿಯುವುದಿಲ್ಲ. ಗುರುಗಳ ಮನೆಯಲ್ಲಿ ಮೊದಲ ಒಂದೂವರೆ ವರ್ಷ ಅವನಿಗೆ ಪಾಠವೇ ಇರಲಿಲ್ಲ. ನೀರು ಹೊರುವುದು, ಮನೆಗೆಲಸ ಮಾಡುವುದು, ಅಷ್ಟೇ. ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುತ್ತಿದ್ದ ಗಂಗೂಬಾಯಿ ಹಾನಗಲ್ಲರಿಗೆ ಗುರುಗಳು ಕಲಿಸುತ್ತಿದ್ದರು, ಇವನು ಕೇಳಿಸಿಕೊಳ್ಳಬೇಕು. ಚಮಚ ತುಪ್ಪಕ್ಕೆ ಮುನಿದು ಮನೆ ಬಿಟ್ಟ ಹುಡುಗ ಕೊಡ ಹೊತ್ತು ಸುಮ್ಮನೆ ಕಾದ. ನೆಟ್ಟಗೆ ರೋಣದಿಂದ ಕುಂದಗೋಳಕ್ಕೆ ಹೋಗಿದ್ದರೆ ವಾರದೊಳಗೆ ಅಲ್ಲಿಂದಲೂ ಓಡಿಹೋಗುತ್ತಿದ್ದನೇನೋ!

ಮುಂದಿನದು ನಿಮಗೆ ಗೊತ್ತು. ಪುಣೆಯಲ್ಲಿ ನೆಲೆಸಿದರು. ಗುರುಗಳ ನೆನಪಿಗೆ 1953ರಲ್ಲಿ ಅಲ್ಲಿ ಶುರುವಾದ ಸಂಗೀತೋತ್ಸವವನ್ನು ಬೆಳೆಸಿದರು. ಮರಾಠಿಯಲ್ಲಿ ಅಭಂಗ, ಹಿಂದಿಯಲ್ಲಿ ಭಜನೆ, ಕನ್ನಡದಲ್ಲಿ ದಾಸರ ಪದ. ಮರಾಠಿಗರು ಅವರನ್ನು ತಮ್ಮವರೆಂದರು, ನಾವೂ ಬಿಟ್ಟುಕೊಡಲಿಲ್ಲ. 2008ರಲ್ಲಿ ಭಾರತರತ್ನ ಘೋಷಣೆಯಾಯಿತು.

ಈ ಕಥೆಯನ್ನು ಗಜೇಂದ್ರಗಡದ ಒಬ್ಬ ಅಜ್ಜಿಗೆ ಹೇಳಿದೆ. ಅವರ ಮೊಮ್ಮಗ ಗೋವೆಯಲ್ಲಿದ್ದಾನೆ. “ಅಪ್ಪ-ಅವ್ವನ ಕೂಡ ದುಡಿಮಿಗೆ ಹೋಗ್ಯಾನ್ರೀ. ಅಲ್ಲೇ ಸಾಲಿಗೆ ಹಾಕ್ಯಾರ. ಫೋನಿನ್ಯಾಗ ‘ಪೋದೇರ ಬಂದ’ ಅಂತಾನ, ನನಗೇನೂ ತಿಳಿಯಂಗಿಲ್ಲ. ನಮ್ಮ ಮಾತ ಮರತಬಿಟ್ರ ಹ್ಯಾಂಗ್ರೀ?” ಪೋದೇರ ಅಂದರೆ ಮುಂಜಾನೆ ಸೈಕಲ್ಲಿನ ಹಾರ್ನ್ ಒತ್ತುತ್ತ ಪಾವ್ ಮಾರುವವನು ಎಂದು ಹೇಳಿದೆ. ಅಜ್ಜಿ ನಕ್ಕರು. ಆಮೇಲೆ, “ಜೋಶಿಯವರು ದೊಡ್ಡವರು ಬಿಡ್ರಿ. ಅವರನ್ನ ಹುಡುಕಾಕ ಅಪ್ಪ ಹೋದ. ನಮ್ಮ ಹುಡುಗನ್ನ ಆರು ತಿಂಗಳಿಗೊಂದು ಊರು, ಒಂದು ಸಾಲಿ ಮಾಡಿದ್ರ ಏನು ಕಲೀತಾನ?” ಎಂದರು.

ಖರೆ ಮಾತು. ಹೊಸ ಊರು ಕಲಿಸಬೇಕಾದರೆ ಅಲ್ಲಿ ನಿಲ್ಲಲು ಪುರಸೊತ್ತು ಬೇಕು, ಹಿಂದೆ ಕಾಯುವ ಮನೆ ಬೇಕು. ಶಾಲೆಯ ವರ್ಷ ಮುಗಿಯುವವರೆಗಾದರೂ ಒಂದೇ ಕಡೆ ಇರಲಿ ಎಂದು ಮಗನಿಗೆ ಹೇಳಿರಿ ಎಂದೆ. ದಿನಾ ಸಂಜೆ ಫೋನಿನಲ್ಲಿ ಮೊಮ್ಮಗನಿಂದ ಒಂದು ಕೊಂಕಣಿ ಮಾತು ಕಲಿತು, ಬದಲಿಗೆ ನಮ್ಮದೊಂದು ಒಗಟು ಹೇಳುತ್ತೇನೆಂದು ಅಜ್ಜಿ ಒಪ್ಪಿದ್ದಾರೆ.

ನಿಮ್ಮ ಮನೆಯಲ್ಲಿ ಮೊದಲು ಊರು ಬಿಟ್ಟು ಹೋದವರು ಯಾರು? ಅಲ್ಲಿಂದ ಯಾವ ಮಾತು, ಯಾವ ಅಡುಗೆ, ಯಾವ ಕೆಲಸ ಕಲಿತು ತಂದರು? ಅಜ್ಜ-ಅಜ್ಜಿಯನ್ನು ಕೇಳಿ, ಒಂದು ಹಾಳೆಯಲ್ಲಿ ಬರೆದು ಕಳಿಸಿ.