ಮಂಡಿ ಉಳುಕುವ ಮುನ್ನ

ಮಾಗಡಿಯ ಸಾವನದುರ್ಗವನ್ನು ಹತ್ತಿದವರು ಬಲ್ಲರು: ಹತ್ತುವಾಗ ಉಸಿರು ಸೋಲುತ್ತದೆ, ಇಳಿಯುವಾಗ ಕಾಲು ನಡುಗುತ್ತದೆ. ನುಣುಪು ಬಂಡೆಯ ಮೇಲೆ ಪಾದ ಜಾರತೊಡಗಿದೊಡನೆ, ನಾವು ಯೋಚಿಸುವ ಮೊದಲೇ ಮಂಡಿ ಮಡಿಯುತ್ತದೆ, ಸೊಂಟ ತಗ್ಗುತ್ತದೆ, ದೇಹ ಹತೋಟಿಗೆ ಬರುತ್ತದೆ. ಕೀಲುಗಳ ಸುದ್ದಿ ನರಗಳ ಮೂಲಕ ಬೆನ್ನುಹುರಿಗೂ ಮಿದುಳಿಗೂ ತಲುಪಿ, ಸ್ನಾಯುಗಳಿಗೆ ಆಜ್ಞೆ ಮರಳುವ ಈ ಏರ್ಪಾಟನ್ನೇ ನರ-ಸ್ನಾಯು ಹತೋಟಿ ಎನ್ನುವರು.

ಆಟದ ಬಯಲಿನಲ್ಲಿ ಮಕ್ಕಳನ್ನು ಕಾಯುವುದೂ ಇದೇ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಶಾಲಾ ಮೈದಾನಗಳಲ್ಲಿ ಕಬಡ್ಡಿ, ಖೊ-ಖೊ ಆಡುವ ಮಕ್ಕಳು ಓಡುತ್ತಲೇ ಥಟ್ಟನೆ ನಿಲ್ಲುತ್ತಾರೆ, ತಿರುಗುತ್ತಾರೆ, ನೆಗೆದು ಇಳಿಯುತ್ತಾರೆ. ಮಂಡಿಯೊಳಗಿನ ಲಿಗಮೆಂಟ್ ಎಂಬ ಕಟ್ಟು ಹರಿಯುವುದು ಬಹುಮಟ್ಟಿಗೆ ಇಂಥ ಗಳಿಗೆಯಲ್ಲಿಯೇ. ಎದುರಾಳಿ ಮುಟ್ಟಿರಬೇಕೆಂದೇನಿಲ್ಲ, ಭಾರ ಬಿದ್ದ ಮಂಡಿ ಒಳಕ್ಕೆ ವಾಲಿದರೆ ಸಾಕು. ಪಾದ ನೆಲ ಮುಟ್ಟಿದ ಮೇಲೆ ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲಿನಷ್ಟರಲ್ಲಿ ಅನಾಹುತ ನಡೆದುಹೋಗಿರುತ್ತದೆ. ಆಮೇಲೆ ಎಚ್ಚೆತ್ತು ಫಲವಿಲ್ಲ. ಸ್ನಾಯುಗಳು ಮೊದಲೇ ಕಲಿತು ಸಿದ್ಧವಾಗಿರಬೇಕು. ಬರಿಯ ಬಲ ಸಾಲದು.

ಈ ಅಪಾಯ ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚು. ಅದಕ್ಕೆ ಹೆದರಿ ಮಗಳನ್ನು ಆಟ ಬಿಡಿಸುವುದು ಪರಿಹಾರವಲ್ಲ. ನಾರ್ವೆ ದೇಶದಲ್ಲಿ 13ರಿಂದ 17 ವರ್ಷದ ಸುಮಾರು 1,900 ಫುಟ್‌ಬಾಲ್ ಬಾಲಕಿಯರ ನಡುವೆ ನಡೆದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಆಟಕ್ಕೆ ಮುನ್ನ ಸುಮಾರು 20 ನಿಮಿಷ ಹತೋಟಿಯ ವ್ಯಾಯಾಮ ಮಾಡಿದ ತಂಡಗಳಲ್ಲಿ ಒಟ್ಟು ಗಾಯಗಳು ಮೂರನೆಯ ಒಂದರಷ್ಟು, ತೀವ್ರ ಗಾಯಗಳು ಹೆಚ್ಚುಕಡಿಮೆ ಅರ್ಧದಷ್ಟು ಕಡಿಮೆಯಾಗಿದ್ದವು.

ಇದಕ್ಕೆ ಹಣ ಬೇಡ, ಸಲಕರಣೆ ಬೇಡ. ಮೊದಲು ಹಗುರ ಓಟ. ಬಳಿಕ ಒಂದೊಂದೇ ಕಾಲಿನ ಮೇಲೆ ಅರ್ಧ ನಿಮಿಷ ನಿಲ್ಲುವುದು, ಮಂಡಿಯನ್ನು ಪಾದದ ನೇರಕ್ಕೇ ಇರಿಸಿ ಅರ್ಧ ಕುಳಿತು ಏಳುವುದು, ನೆಗೆದು ಸದ್ದಾಗದಂತೆ ಮಂಡಿ ಮಡಿಸಿ ಇಳಿಯುವುದು. ವಾರಕ್ಕೆ ಎರಡು ಮೂರು ಸಲ, ತಪ್ಪದೆ. ಕೆಲವು ದಿನ ಮಾಡಿ ಬಿಟ್ಟರೆ ಪ್ರಯೋಜನವಿಲ್ಲ.

ತಾಯ್ತಂದೆಯರಲ್ಲಿ ನಮ್ಮ ಅರಿಕೆ ಇಷ್ಟೆ. ಮಗು ನೆಗೆದು ಇಳಿಯುವಾಗ ಎದುರಿಗೆ ನಿಂತು ನೋಡಿ; ಮಂಡಿಗಳು ಒಂದನ್ನೊಂದು ಸಮೀಪಿಸಿದರೆ ಮೆಲ್ಲನೆ ತಿದ್ದಿ. ಆಟದಲ್ಲಿ ಮಂಡಿ ಟಪ್ಪೆಂದು ಊದಿಕೊಂಡರೆ ಎಣ್ಣೆ ತಿಕ್ಕಿ ಎಳೆಸಬೇಡಿ, ಮೂಳೆ ವೈದ್ಯರಿಗೆ ತೋರಿಸಿ. ವೈದ್ಯರ ಅನುಮತಿ ದೊರೆತ ಮೇಲೆ ಮಕ್ಕಳು ಮತ್ತೆ ಮೈದಾನಕ್ಕಿಳಿಯಲಿ. ಬಿದ್ದಾರೆಂದು ಅವರನ್ನು ಮನೆಯಲ್ಲಿ ಕೂರಿಸುವುದಕ್ಕಿಂತ, ಸರಿಯಾಗಿ ಇಳಿಯುವುದನ್ನು ಕಲಿಸುವುದೇ ಮೇಲು.