ಬೆರಳಿನ ಮಾಯೆ

1998ರಲ್ಲಿ ಅಮೆರಿಕದ ಮನೋವಿಜ್ಞಾನಿ ಆಂಟನಿ ಗ್ರೀನ್‌ವಾಲ್ಡ್ ಮತ್ತು ಸಂಗಡಿಗರು ಮನಸ್ಸಿನ ಒಳಪದರವನ್ನು ಅಳೆಯಲು ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಗಣಕದ ತೆರೆಯ ಮೇಲೆ ಪದಗಳು ಒಂದೊಂದಾಗಿ ಮೂಡುತ್ತವೆ. ಒಂದು ಸುತ್ತಿನಲ್ಲಿ ಹೂವಿನ ಹೆಸರಿಗೂ ಹಿತವಾದ ಪದಕ್ಕೂ ಒತ್ತಬೇಕಾದ ಗುಂಡಿ ಒಂದೇ. ಕೀಟದ ಹೆಸರಿಗೂ ಅಹಿತ ಪದಕ್ಕೂ ಇನ್ನೊಂದು. ಮತ್ತೊಂದು ಸುತ್ತಿನಲ್ಲಿ ಜೋಡಿ ಅದಲುಬದಲಾಗುತ್ತದೆ. ಕೀಟಕ್ಕೆ ಹೇಸುವವನ ಬೆರಳು ಆಗ ತಡವರಿಸುತ್ತದೆ. (ಕೀಟವೂ ಜೀವವೆಂದು ಕಲಿತು ಬೆಳೆದ ಶ್ರಾವಕನ ಬೆರಳು ಎಷ್ಟು ತಡವರಿಸೀತು ಎಂಬುದು ಕುತೂಹಲದ ಪ್ರಶ್ನೆ.) ಆ ವಿಳಂಬವನ್ನು ಸೆಕೆಂಡಿನ ಸಾವಿರದ ಭಾಗಗಳಲ್ಲಿ ಎಣಿಸಿ, ವರ್ಣ, ವಯಸ್ಸು, ಲಿಂಗಗಳ ಕುರಿತ ಗುಪ್ತ ಒಲವನ್ನೂ ಹೀಗೆಯೇ ಅಳೆಯುತ್ತಾರೆ.

ನಾಲಗೆ ಸುಳ್ಳಾಡಬಹುದು, ಬೆರಳಿನ ವೇಗ ಸುಳ್ಳಾಡದು ಎಂಬ ಭರವಸೆ ಬಹುಕಾಲ ಉಳಿಯಲಿಲ್ಲ. ಪರೀಕ್ಷೆಯ ಮರ್ಮವನ್ನರಿತವನು ಸುಲಭವಾದ ಸುತ್ತಿನಲ್ಲಿ ಬೇಕೆಂದೇ ನಿಧಾನಿಸಿ ಫಲಿತಾಂಶವನ್ನು ತಿರುಚಬಲ್ಲನೆಂದು ಮುಂದಿನ ಸಂಶೋಧನೆಗಳು ತೋರಿಸಿದವು. ಕಠಿಣವಾದ ಸುತ್ತಿನಲ್ಲಿ ವೇಗ ಹೆಚ್ಚಿಸುವುದು ಅಷ್ಟು ಸುಲಭವಲ್ಲ. ಅಸಹಜ ನಿಧಾನವನ್ನು ಗುರುತಿಸುವ ಉಪಾಯಗಳನ್ನು ವಿಜ್ಞಾನಿಗಳೂ ಕಂಡುಕೊಂಡಿದ್ದಾರೆ. ಎಲ್ಲ ವಂಚನೆಯೂ ಅದಕ್ಕೆ ಸಿಕ್ಕುವುದಿಲ್ಲ.

ಜೈನ ಪರಂಪರೆಗೆ ಇದು ಅಚ್ಚರಿಯ ಸಂಗತಿಯಲ್ಲ. ನಾಲ್ಕು ಕಷಾಯಗಳಲ್ಲಿ ಮಾಯೆಯೂ ಒಂದು. ಅದರ ಸ್ವಭಾವವೇ ಮರೆಮಾಚುವುದು. ಕನ್ನಡದ ವಡ್ಡಾರಾಧನೆಯ ಕಥೆಗಳಿಗೆ ಮೂಲವಾದ ಭಗವತೀ ಆರಾಧನೆಯಲ್ಲಿ ಶಿವಾರ್ಯರು, ಗುರುವಿನ ಮುಂದೆ ತಪ್ಪನ್ನು ನಿವೇದಿಸುವ ‘ಆಲೋಚನಾ’ ಕ್ರಿಯೆಯ ಹತ್ತು ದೋಷಗಳನ್ನು ಎಣಿಸಿದ್ದಾರೆ. ಪರರು ಕಂಡ ತಪ್ಪನ್ನಷ್ಟೇ ಹೇಳುವುದು ಒಂದು. ದೊಡ್ಡದನ್ನು ಮುಚ್ಚಿಟ್ಟು ಸಣ್ಣದನ್ನು ಹೇಳುವುದು ಇನ್ನೊಂದು. ಗದ್ದಲದ ನಡುವೆ, ಗುರುವಿಗೆ ಸರಿಯಾಗಿ ಕೇಳಿಸದಂತೆ ಹೇಳುವುದು ಮತ್ತೊಂದು. ‘ಛನ್ನ’ವೆಂಬ ದೋಷವಂತೂ ಈ ಪರೀಕ್ಷೆಗೆ ತೀರ ಸಮೀಪದ್ದು: ಇಂಥ ತಪ್ಪಿಗೆ ಯಾವ ಪ್ರಾಯಶ್ಚಿತ್ತವೆಂದು, ತನ್ನದೆಂದು ತಿಳಿಯದಂತೆ ಕೇಳಿಕೊಳ್ಳುವುದು. ಮರ್ಮ ತಿಳಿದು ಬೆರಳನ್ನು ತಡೆಯುವವನು ಇವರ ಸಾಲಿನವನೇ.

ಆದರೆ ಪರೀಕ್ಷಿಸುವವನ ಮಾತೂ ಬರಬೇಕು. ಶಿವಾರ್ಯರು ಆಚಾರ್ಯನಿಗೂ ಲಕ್ಷಣಗಳನ್ನು ವಿಧಿಸಿದ್ದಾರೆ. ಅಡಗಿಸಿದ ದೋಷವನ್ನು ಹೊರಗೆಡಹುವ ಸಾಮರ್ಥ್ಯ ಅವನಲ್ಲಿರಬೇಕು. ಕೇಳಿದ್ದನ್ನು ಮತ್ತೊಬ್ಬರಿಗೆ ಸೋರಿಸದ ‘ಅಪರಿಸ್ರಾವಿ’ಯೂ ಅವನಾಗಿರಬೇಕು. ಉದ್ಯೋಗದ ಬಾಗಿಲಲ್ಲಿ ಇಂಥ ಪರೀಕ್ಷೆಯನ್ನಿಟ್ಟರೆ ಅಲ್ಲಿ ಈ ಭರವಸೆ ಎಲ್ಲಿಯದು? ಫಲಿತಾಂಶಕ್ಕೆ ಸಂಬಳ ಅಂಟಿಕೊಂಡೊಡನೆ ಮಾಯೆಗೆ ಆಹ್ವಾನ ಹೋದಂತೆ. ಅದೂ ಅಲ್ಲದೆ ಒಬ್ಬನೇ ವ್ಯಕ್ತಿಯ ಅಂಕ ಇಂದಿಗೂ ಮುಂದಿನ ವಾರಕ್ಕೂ ಬದಲಾಗುವುದುಂಟು. ಇಂಥ ಅಳತೆಗೋಲಿನಿಂದ ಯಾರ ಯೋಗ್ಯತೆಯನ್ನೂ ನಿರ್ಣಯಿಸುವುದು ಅನ್ಯಾಯ.

ಏಕಾಂತದಲ್ಲಿ, ಯಾರಿಗೂ ಒಪ್ಪಿಸಬೇಕಿಲ್ಲದೆ, ತನಗಾಗಿಯೇ ಪರೀಕ್ಷೆಗೆ ಕುಳಿತವನ ಸಂಗತಿ ಬೇರೆ. ಬೆರಳನ್ನು ನಿಧಾನಿಸಲು ಅವನಿಗೆ ಕಾರಣವೇ ಇಲ್ಲ. ಅಲ್ಲಿ ಕಂಡ ತಡವರಿಕೆಯನ್ನು ಅವನು ಅಂದಿನ ಸಂಜೆಯ ಪ್ರತಿಕ್ರಮಣಕ್ಕೆ ಒಯ್ಯಬಹುದು.